ಬೆಣ್ಣೆಹಣ್ಣಿನ ಮರ ಬರಿದಾಗುವುದು ಹಿಂದಿನ ಮಳೆಗಾಲದಲ್ಲೇ

ಒಂದು ವರ್ಷ ಟೊಂಗೆಗೆ ಊರುಗೋಲು ಕೊಡಬೇಕಾಗುವಷ್ಟು ಕಾಯಿ, ಮರುವರ್ಷ ಮನೆಮಟ್ಟಿಗೂ ಸಾಲದು. ತೀರ್ಥಹಳ್ಳಿ, ಹೊಸನಗರ, ಕೊಪ್ಪದ ಕಡೆ ಬೆಣ್ಣೆಹಣ್ಣು (ಅವಕಾಡೊ) ಇಟ್ಟವರ ದೂರು ಹೆಚ್ಚುಕಡಿಮೆ ಇದೇ. ಖಾಲಿ ಹೋದ ವರ್ಷ ಗಾಬರಿಯಾಗಿ ಬುಡಕ್ಕೆ ಗೊಬ್ಬರ ಸುರಿಯುತ್ತಾರೆ. ಹೇಗೂ ಬಿಡಲಿದ್ದ ಮರ ಮರುವರ್ಷ ಬಿಡುತ್ತದೆ, ಹೆಸರು ಗೊಬ್ಬರಕ್ಕೆ ಬರುತ್ತದೆ. ಅದರಾಚೆ ವರ್ಷ ಮತ್ತೆ ಅದೇ ಪಾಡು. ಈ ಸರದಿ ಮುರಿಯುವ ಕೆಲಸ ನಡೆಯಬೇಕಾದ್ದು ಕಾಯಿ ತುಂಬಿದ ವರ್ಷದಲ್ಲಿ, ಅದೂ ಮಳೆ ಹಿಡಿಯುವ ಮೊದಲು. ಆಗ ಕಾಯಿ ಕೀಳಲು ಯಾರಿಗೂ ಮನಸ್ಸು ಬರುವುದಿಲ್ಲ, ತೊಡಕಿರುವುದು ಅಲ್ಲಿ.

ಈ ಮರದ ಹೂಗೊಂಚಲು ಬರುವುದು ಕುಡಿಯ ತುದಿಯಲ್ಲಿ. ನಮ್ಮಲ್ಲಿ ಡಿಸೆಂಬರ್‌ನಿಂದ ಫೆಬ್ರುವರಿಯೊಳಗೆ ಹೂ ಬರುತ್ತದೆ. ಆ ಹೂ ಹೊರುವ ಕುಡಿ ಅದಕ್ಕೆ ಮೊದಲಿನ ಮಾರ್ಚ್‌ನಿಂದ ಮಳೆಗಾಲದೊಳಗೆ ಚಿಗುರಿ, ಬಲಿತು ನಿಂತಿರಬೇಕು. ಕಾಯಿ ಹೊತ್ತ ರೆಂಬೆಯಲ್ಲಿ ಆ ಚಿಗುರು ಸರಿಯಾಗಿ ಬರುವುದಿಲ್ಲ. ಬೆಳೆಯುವ ಬೀಜದಲ್ಲಿ ತಯಾರಾಗುವ ಹಾರ್ಮೋನುಗಳು ಪಕ್ಕದ ಮೊಗ್ಗುಗಳನ್ನು ಏಳಗೊಡುವುದಿಲ್ಲ, ಎದ್ದ ಮೊಗ್ಗನ್ನೂ ಹೂವಿನ ಕಡೆ ತಿರುಗಗೊಡುವುದಿಲ್ಲ. ಮೇಲಾಗಿ ಇದು ಎಣ್ಣೆ ತುಂಬುವ ಹಣ್ಣು. ಒಂದು ಗ್ರಾಂ ಎಣ್ಣೆ ಕಟ್ಟಲು ಮರಕ್ಕೆ ಬೇಕಾಗುವ ಶಕ್ತಿ ಒಂದು ಗ್ರಾಂ ಸಕ್ಕರೆಗೆ ಬೇಕಾದ್ದರ ಎರಡರಷ್ಟನ್ನೂ ಮೀರುತ್ತದೆ. ಹಾಗಾಗಿ ತುಂಬಿದ ವರ್ಷದ ಮಳೆಗಾಲ ಮುಗಿಯುವಾಗ ಮರದಲ್ಲಿ ಹೊಸ ಕುಡಿಯೇ ಕಡಿಮೆ, ಇದ್ದದ್ದೂ ಗೇಣುದ್ದ. ಹೂ ಎಲ್ಲಿ ಬರಬೇಕು? ಖಾಲಿ ವರ್ಷದಲ್ಲಿ ಇದು ತಿರುಗುಮುರುಗು: ಮರದ ತುಂಬ ಹೊಸ ಕುಡಿ, ಪ್ರತಿ ತುದಿಯಲ್ಲೂ ಹೂ.

ಒಮ್ಮೆ ಶುರುವಾದ ಸರದಿ ತಾನೇ ತಾನಾಗಿ ಉರುಳುತ್ತದೆ. ಶುರುಮಾಡುವುದು ಬಹುಪಾಲು ಹವಾಮಾನ. ಹೂ ಅರಳುವಾಗ ನಾಲ್ಕೈದು ದಿನ ಮೋಡ ಕವಿದು ಅಕಾಲದ ಮಳೆ ಬಿದ್ದರೆ, ಅಥವಾ ಮಾರ್ಚ್‌ನಲ್ಲಿ ನೀರಿಲ್ಲದೆ ಹೀಚು ಉದುರಿದರೆ, ಇಡೀ ಊರಿನ ಮರಗಳು ಒಟ್ಟಿಗೆ ಖಾಲಿಯಾಗಿ ಮರುವರ್ಷ ಒಟ್ಟಿಗೇ ತುಂಬುತ್ತವೆ. ಆಗ ಮಂಡಿಯಲ್ಲಿ ದರ ಬೀಳುವುದೂ ಒಟ್ಟಿಗೇ.

ಮೊದಲು ಬೇರು ನೋಡಿ

ಕಾಯಿ ಏರುಪೇರಾದ ಮರವೆಲ್ಲ ಸರದಿಯ ಮರ ಅಲ್ಲ. ಬೇರು ಕೊಳೆಯುತ್ತಿರುವ ಮರವೂ ಸಾಯುವ ಮುಂಚೆ ಒಂದು ವರ್ಷ ಸಣ್ಣ ಕಾಯಿಗಳನ್ನು ಗೊಂಚಲುಗೊಂಚಲಾಗಿ ಬಿಟ್ಟು ಮೋಸ ಮಾಡುತ್ತದೆ. ಅಡಿಕೆಗೆ ಕೊಳೆ, ಮೆಣಸಿಗೆ ಸೊರಗು ತರುವ ಫೈಟಾಫ್ತೊರಾ ಎಂಬ ರೋಗಾಣು ಕುಲದ ಇನ್ನೊಂದು ಜಾತಿ ಇಲ್ಲಿ ಬೇರು ತಿನ್ನುತ್ತದೆ. ನೆರಳು ಬೀಳುವ ಅಂಚಿನಿಂದ ಎರಡಡಿ ಒಳಗೆ ದರಕು (ಉದುರಿದ ಒಣಎಲೆ) ಸರಿಸಿ, ಮೇಲಿನ ನಾಲ್ಕು ಬೆರಳು ಮಣ್ಣು ಕೈಯಲ್ಲೇ ಕೆದಕಿ. ಆರೋಗ್ಯದ ಮರವಾದರೆ ದರಕಿಗೂ ಮಣ್ಣಿಗೂ ನಡುವೆ ಕೆನೆಬಣ್ಣದ, ಮುರಿದರೆ ಟಕ್ಕೆನ್ನುವ ಎಳೆಬೇರು ಹೆಣೆದುಕೊಂಡಿರುತ್ತದೆ. ಕಪ್ಪಾಗಿ, ಹಿಸುಕಿದರೆ ಸಿಪ್ಪೆ ಕಳಚುವ ಬೇರು ಮಾತ್ರ ಸಿಕ್ಕರೆ ಆ ಮರದಲ್ಲಿ ಸವರುವ, ಕಾಯಿ ಕೀಳುವ ಲೆಕ್ಕವೆಲ್ಲ ಆಮೇಲೆ. ಬಸಿಗಾಲುವೆ ಆಳ ಮಾಡಿ, ಬುಡಕ್ಕೆ ಅರ್ಧ ಅಡಿ ದರಕು ಹೊದಿಸಿ, ಬೇರುಕೊಳೆಯ ಔಷಧಿ ಪೊಟ್ಯಾಷಿಯಂ ಫಾಸ್ಫೋನೇಟ್ ಕೊಟ್ಟು ಮೊದಲು ಬೇರು ಉಳಿಸಿಕೊಳ್ಳಬೇಕು. ಅಡಿಕೆ ತೋಟದ ತಗ್ಗಿನಲ್ಲಿ, ಮಳೆಗಾಲದಲ್ಲಿ ನೀರು ಒಸರುವ ಕಡೆ ನೆಟ್ಟ ಮರಕ್ಕೆ ಯಾವ ಉಪಾಯವೂ ನಿಲ್ಲದು. ಬೆಣ್ಣೆಹಣ್ಣಿಗೆ ಗುಡ್ಡದ ಇಳಿಜಾರೇ ಸರಿ, ಅಲ್ಲೂ ಒಂದೂವರೆ ಎರಡು ಅಡಿ ದಿಬ್ಬ ಮಾಡಿಯೇ ನೆಡಬೇಕು.

ಸಿಲ್ವರ್ ಓಕ್ ಕೆಳಗೆ ಸಿಕ್ಕಿಬಿದ್ದ ಮರ ತುದಿಯಲ್ಲಿ ಮಾತ್ರ ಹೂ ಬಿಡುತ್ತದೆ. ಅದು ನೆರಳಿನ ತೊಂದರೆ, ಮೇಲಿನ ಮರ ಸವರಿದರೆ ತೀರಿತು.

ಕಾರ್ತಿಕದಲ್ಲಿ ಮೊಗ್ಗಿನ ಎಣಿಕೆ

ಸ್ವಾತಿ ಮಳೆ ಮುಗಿದು ರಾತ್ರಿ ತಂಪಾಗತೊಡಗಿದ ಮೇಲೆ, ನವೆಂಬರ್ ಮೂರನೇ ವಾರದ ಹೊತ್ತಿಗೆ, ಮುಂದಿನ ಫಸಲು ಕಣ್ಣಿಗೆ ಕಾಣಲು ಶುರುವಾಗುತ್ತದೆ. ಕುಡಿಯ ತುದಿಮೊಗ್ಗು ಸಪೂರವಾಗಿ ಚೂಪಾಗಿದ್ದರೆ ಅದು ಎಲೆಯ ಮೊಗ್ಗು. ಬುಡ ದಪ್ಪವಾಗಿ, ದುಂಡಗೆ ಉಬ್ಬಿ, ಸುತ್ತಲಿನ ಪೊರೆ ಬಿರಿಯುವಂತಿದ್ದರೆ ಹೂವಿನದು. ಅನುಮಾನ ಬಂದರೆ ಬ್ಲೇಡಿನಿಂದ ಉದ್ದಕ್ಕೆ ಸೀಳಿ. ಹೂಮೊಗ್ಗಿನ ಒಳಗೆ ಪೊರೆಗಳ ಸಂದಿಯಲ್ಲಿ ಸಾಸಿವೆಗಿಂತ ಸಣ್ಣ ಗುಬುಟುಗಳು ಸಾಲಾಗಿ ಕಾಣುತ್ತವೆ. ಮರದ ನಾಲ್ಕೂ ದಿಕ್ಕಿನಿಂದ ಐದೈದರಂತೆ ಇಪ್ಪತ್ತು ಕುಡಿ ನೋಡಿ. ಹದಿನೈದಕ್ಕಿಂತ ಹೆಚ್ಚು ದಪ್ಪ ಮೊಗ್ಗು ಇದ್ದರೆ ಬರುವುದು ತುಂಬಿದ ವರ್ಷ. ಐದಕ್ಕಿಂತ ಕಡಿಮೆಯಾದರೆ ಖಾಲಿ ವರ್ಷ. ಮರಕ್ಕೊಂದು ಬಣ್ಣದ ಗುರುತು ಹಾಕಿಕೊಳ್ಳಿ, ಯಾಕೆಂದರೆ ಒಂದೇ ತೋಟದಲ್ಲಿ ಅಕ್ಕಪಕ್ಕದ ಮರಗಳು ಬೇರೆಬೇರೆ ಸರದಿಯಲ್ಲಿರುತ್ತವೆ. ಬೀಜದಿಂದ ಎದ್ದ ಗಿಡಗಳಲ್ಲಂತೂ ಎರಡು ಮರ ಒಂದೇ ತರ ನಡೆಯುವುದಿಲ್ಲ.

ಖಾಲಿ ಎಂದು ಗೊತ್ತಾದ ಮರಕ್ಕೆ ಕತ್ತಿ ಸೋಕಿಸಬೇಡಿ. ಇರುವ ಒಂದೊಂದು ಹೂವೂ ಬೇಕು. ತುಂಬುವ ಮರವನ್ನು ಮಾತ್ರ ಡಿಸೆಂಬರ್ ಒಳಗೆ, ಹೂ ಅರಳುವ ಮೊದಲು ಸವರಬೇಕು. ಹೂಮೊಗ್ಗು ಇರುವ ಕುಡಿಗಳಲ್ಲಿ ನಾಲ್ಕಕ್ಕೆ ಒಂದನ್ನು ತೆಗೆದರೆ ಸಾಕು. ಎಲ್ಲಿ ಕತ್ತರಿಸುತ್ತೀರಿ ಅನ್ನುವುದು ಮುಖ್ಯ. ಒಂದು ಚಿಗುರು ನಿಂತು ಮುಂದಿನ ಚಿಗುರು ಶುರುವಾದ ಜಾಗದಲ್ಲಿ ರೆಂಬೆಯ ಸುತ್ತ ಗೆರೆಗೆರೆಯಾದ ಉಂಗುರ ಇರುತ್ತದೆ, ಅಲ್ಲಿ ಸಣ್ಣ ಮಲಗಿದ ಮೊಗ್ಗುಗಳು ಒತ್ತಾಗಿ ಕೂತಿರುತ್ತವೆ. ಉಂಗುರಕ್ಕಿಂತ ಬೆರಳಗಲ ಮೇಲೆ ಕತ್ತರಿಸಿದರೆ ಮಾರ್ಚ್‌ನಲ್ಲಿ ನಾಲ್ಕೈದು ಸಾಧಾರಣ ದಪ್ಪದ ಕುಡಿ ಏಳುತ್ತವೆ. ಬರುವ ವರ್ಷದ ಹೂವಿಗೆ ಬೇಕಾದ ಕುಡಿ ಅವೇ. ಉಂಗುರದ ಕೆಳಗೆ ಕತ್ತರಿಸಿದರೆ ಒಂದೋ ಎರಡೋ ದಾಂಡಿಗ ಚಿಗುರು ನೆಟ್ಟಗೆ ಆಕಾಶಕ್ಕೆ ಹೋಗುತ್ತದೆ, ಅದರಲ್ಲಿ ಬೇಗ ಹೂ ಕಾಣುವ ಆಸೆ ಬೇಡ.

ನಡುವೆ ಬೆಳಕು ಇಳಿಯದ ದೊಡ್ಡ ಮರವಾದರೆ ಕೊಯ್ಲಾದ ಮೇಲೆ ವರ್ಷಕ್ಕೊಂದು ದಪ್ಪ ಟೊಂಗೆಯನ್ನು ಬುಡಕ್ಕೇ ತೆಗೆಯಿರಿ. ಒಂದೇ ಸಲ ತಲೆ ಹಾರಿಸಿದರೆ ಎರಡು ವರ್ಷ ಬರೀ ಸೊಪ್ಪು. ಬಿಸಿಲಿಗೆ ಬಿದ್ದ ತೊಗಟೆ ಸುಟ್ಟು ಸೀಳುವುದರಿಂದ ಅದಕ್ಕೆ ತೆಳ್ಳಗೆ ಸುಣ್ಣ ಬಳಿಯಬೇಕು, ಕತ್ತರಿಸಿದ ಬಾಯಿಗೆ ಬೋರ್ಡೋ ಪೇಸ್ಟ್: 100 ಗ್ರಾಂ ಮೈಲುತುತ್ತ, 100 ಗ್ರಾಂ ಸುಣ್ಣ, ಒಂದು ಲೀಟರ್ ನೀರು. ಅಡಿಕೆ ಔಷಧಿ ಹೊಡೆಯುವ ಮನೆಯಲ್ಲಿ ಇದು ಹೊಸತಲ್ಲ. ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಆಳು ಸಿಕ್ಕರು ಅಂತ ತುದಿಗಳನ್ನೆಲ್ಲ ಸವರಿಸುವ ರೂಢಿ ಕೆಲವು ಕಡೆ ಇದೆ. ಆಗ ಬರುವ ಚಿಗುರು ಡಿಸೆಂಬರ್ ಹೊತ್ತಿಗೆ ಬಲಿಯುವುದಿಲ್ಲ. ಒಂದು ಫಸಲನ್ನು ಕೈಯಾರೆ ಕಡಿದುಹಾಕಿದಂತೆ.

ಹೂವಿನ ಸಮಯ

ಬೆಣ್ಣೆಹಣ್ಣಿನ ಹೂ ಎರಡು ಸಲ ಅರಳುತ್ತದೆ, ಮೊದಲ ಸಲ ಹೆಣ್ಣಾಗಿ, ಮರುದಿನ ಗಂಡಾಗಿ. ಎ ವರ್ಗದ ಮರದಲ್ಲಿ ಬೆಳಿಗ್ಗೆ ಹೆಣ್ಣು, ಮರುದಿನ ಮಧ್ಯಾಹ್ನ ಗಂಡು. ಬಿ ವರ್ಗದಲ್ಲಿ ಮಧ್ಯಾಹ್ನ ಹೆಣ್ಣು, ಮರುದಿನ ಬೆಳಿಗ್ಗೆ ಗಂಡು. ತಳಿಗಳಲ್ಲಿ ಹ್ಯಾಸ್, ಪಿಂಕರ್ಟನ್ ಎ ವರ್ಗ. ಫ್ಯುಯೆರ್ಟೆ, ಜುಟಾನೊ ಬಿ ವರ್ಗ. ಊರಿನ ಬೀಜದ ಮರ ಯಾವುದು ಅಂತ ತಿಳಿಯಲು ಬಿಸಿಲಿರುವ ದಿನ ಬೆಳಿಗ್ಗೆ ಹತ್ತು ಗಂಟೆಗೆ ಭೂತಗನ್ನಡಿ ಹಿಡಿದು ನೋಡಿ. ನಡುವೆ ಶಲಾಕಾಗ್ರ (ಪರಾಗ ಹಿಡಿಯುವ ತುದಿ) ಬೆಳ್ಳಗೆ ಹೊಳೆಯುತ್ತ, ಕೇಸರಗಳು ದಳದ ಮೇಲೆ ಅಡ್ಡ ಮಲಗಿದ್ದರೆ ಹೆಣ್ಣು ಹಂತ, ಅಂದರೆ ಎ. ಕೇಸರ ಎದ್ದು ನಿಂತು, ತುದಿಯ ಪುಟ್ಟ ಮುಚ್ಚಳ ತೆರೆದು ಹಳದಿ ಪರಾಗ ಕಂಡರೆ ಬಿ. ಚಳಿ ಜೋರಿರುವ ಬೆಳಿಗ್ಗೆ ಈ ಗಡಿಯಾರ ಹಲವು ಗಂಟೆ ಹಿಂದೆ ಬೀಳುತ್ತದೆ, ಆ ದಿನ ನೋಡಿದ್ದನ್ನು ನಂಬಬೇಡಿ.

ಬೀಜದ ಮರಗಳೇ ಹೆಚ್ಚಿರುವ ತೋಟದಲ್ಲಿ ಎರಡೂ ವರ್ಗ ತಾನಾಗಿ ಬೆರೆತಿರುತ್ತವೆ. ತೊಂದರೆ ಹೊಸದಾಗಿ ಬರೀ ಹ್ಯಾಸ್ ಕಸಿಗಿಡ ಹಾಕಿದ ಕಡೆ. ಒಂಬತ್ತು ಮರಕ್ಕೆ ಒಂದಾದರೂ ಬಿ ಇರಲಿ. ಜಾಗ ಇಲ್ಲದಿದ್ದರೆ ಮಧ್ಯದ ಮರದ ಒಂದು ಟೊಂಗೆಗೆ ಬಿ ಕಡ್ಡಿ ಕಸಿ ಕಟ್ಟಿದರೂ ನಡೆಯುತ್ತದೆ. ಅದನ್ನು ಕಳೆ ಚಿಗುರು ಎಂದು ಕೆಲಸದವರು ಸವರದಂತೆ ಗುರುತು ಹಾಕಿ. ಸಾವಿರ ಹೂವಿಗೆ ಒಂದು ಕಾಯಿ ನಿಂತರೇ ಹೆಚ್ಚು ಎನ್ನುವ ಮರ ಇದು, ಹಾಗಾಗಿ ಜೇನಿನ ಓಡಾಟ ತಗ್ಗಿದರೆ ತಕ್ಷಣ ಪೆಟ್ಟು. ಎಕರೆಗೆ ನಾಲ್ಕು ತುಡುವೆ ಜೇನಿನ ಪೆಟ್ಟಿಗೆ ಇಡಿ. ಮರದಲ್ಲಿ ಹತ್ತಕ್ಕೊಂದು ಗೊಂಚಲು ಅರಳಿದ ಮೇಲೆ ತನ್ನಿ, ಮೊದಲೇ ತಂದರೆ ಹುಳಗಳು ಬೇರೆ ಹೂವಿಗೆ ದಾರಿ ಹಾಕಿಕೊಳ್ಳುತ್ತವೆ. ಹೂ ಮುಗಿಯುವವರೆಗೆ ಮೆಣಸು, ಅಡಿಕೆ, ಮಾವಿಗೂ ಕೀಟನಾಶಕ ಬೇಡ.

ಬೋರಾನ್ ಬಗ್ಗೆ ಒಂದು ಮಾತು. ನಮ್ಮ ಮಳೆಗೆ ಅದು ಮಣ್ಣಿನಲ್ಲಿ ನಿಲ್ಲುವುದಿಲ್ಲ. ಕಾಯಿ ಒಂದು ಮಗ್ಗುಲು ಚಪ್ಪಟೆಯಾಗಿ ಕುಡುಗೋಲಿನಂತೆ ಬಾಗಿ, ಬಾಗಿದ ಕಡೆ ಗಾಯದ ಗುರುತಿದ್ದರೆ ಕೊರತೆ ಇದೆ ಎಂದೇ ಅರ್ಥ. ಗೊಂಚಲು ಚಾಚಿ, ಹೂಗಳು ಇನ್ನೂ ಮುಚ್ಚಿರುವ ಹೂಕೋಸಿನ ಹಂತದಲ್ಲಿ ಲೀಟರಿಗೆ ಒಂದು ಗ್ರಾಂ ಸಾಲ್ಯುಬೋರ್ (ನೀರಲ್ಲಿ ಕರಗುವ ಬೋರಾನ್ ಗೊಬ್ಬರ) ಹಾಕಿ ಗೊಂಚಲು ನೆನೆಯುವಂತೆ ಒಮ್ಮೆ ಸಿಂಪಡಿಸಿ. ಅದೇ ಟ್ಯಾಂಕಿಗೆ ಯೂರಿಯಾ ಬೆರೆಸಬೇಡಿ. ಎರಡನ್ನೂ ಒಟ್ಟಿಗೆ ಕೊಟ್ಟಾಗ ಹೂವಿನಲ್ಲಿ ಜೋಡಿ ಅಂಡಾಶಯ ಬಂದು ಲಾಭ ಕೈತಪ್ಪಿದ್ದು ಕ್ಯಾಲಿಫೋರ್ನಿಯದ ಪ್ರಯೋಗಗಳಲ್ಲಿ ಕಂಡಿದೆ. ಹೆಚ್ಚಾದರೆ ಬೋರಾನ್ ವಿಷವೂ ಹೌದು, ಎಲೆ ತುದಿ ಸುಡುತ್ತದೆ.

ಕಾಯಿ ಕೀಳುವುದು

ತುಂಬಿದ ವರ್ಷದ ದೊಡ್ಡ ಕೆಲಸ ಇದು. ಹೂ ಮುಗಿದ ಮೊದಲ ವಾರಗಳಲ್ಲಿ ಮರ ತಾನೇ ರಾಶಿಗಟ್ಟಲೆ ಹೀಚು ಉದುರಿಸುತ್ತದೆ. ಆಗ ಕೈ ಹಾಕುವುದು ವ್ಯರ್ಥ. ಕಾಯಿ ಗೋಟಡಿಕೆ ಗಾತ್ರ ಮುಟ್ಟಿದ ಮೇಲೆ ಶುರುಮಾಡಿ, ನಿಂಬೆ ಗಾತ್ರ ದಾಟುವ ಮೊದಲು ಮುಗಿಸಿ. ನಮ್ಮಲ್ಲಿ ಅದು ಮಾರ್ಚ್ ನಡುವಿನಿಂದ ಏಪ್ರಿಲ್ ಕೊನೆ. ಜೂನ್ ಕಳೆದು ಕಿತ್ತರೆ ಉಳಿದ ಕಾಯಿ ದಪ್ಪವಾಗಬಹುದು, ಆದರೆ ಹೊಸ ಕುಡಿ ಏಳುವ ಹೊತ್ತು ಮೀರಿರುತ್ತದೆ, ಸರದಿ ಮುರಿಯದು. ಮಂಗಗಳು ಆಗಸ್ಟ್‌ನಲ್ಲಿ ಅರ್ಧ ಕಚ್ಚಿ ಎಸೆಯುವ ಕಾಯಿಯಿಂದ ಮರಕ್ಕೂ ಲಾಭವಿಲ್ಲ, ನಮಗೂ ಇಲ್ಲ.

ಸಣ್ಣ ಮರದಲ್ಲಿ ಗೊಂಚಲಿಗೆ ಒಂದು ಕಾಯಿ ಉಳಿಸಿ ಬಾಕಿಯದನ್ನು ತೊಟ್ಟಿನ ಬಳಿ ಕತ್ತರಿಯಿಂದ ತೆಗೆಯಬಹುದು. ಮೂವತ್ತಡಿ ಮರದಲ್ಲಿ ಅದು ಆಗದ ಮಾತು, ಕೂಲಿ ಹುಟ್ಟುವುದಿಲ್ಲ. ಅಲ್ಲಿ ಟೊಂಗೆ ಲೆಕ್ಕ ಹಿಡಿಯಿರಿ. ಮೂರು ಟೊಂಗೆಗೆ ಒಂದನ್ನು ಆರಿಸಿ ಅದರ ಕಾಯಿಯನ್ನು ಒಂದೂ ಬಿಡದೆ ದೋಟಿಯಿಂದ ಇಳಿಸಿ. ಕಾಯಿಯ ಒತ್ತಡ ಹೆಚ್ಚಾಗಿ ತನ್ನ ರೆಂಬೆಯ ಮೇಲೇ ಇರುವುದರಿಂದ ಖಾಲಿಯಾದ ಟೊಂಗೆ ಮೇ ತಿಂಗಳ ಅಡ್ಡಮಳೆಗೆ ಚಿಗುರಿ ಬರುವ ವರ್ಷದ ಹೂ ಹೊರುತ್ತದೆ. ಅಲ್ಲೊಂದು ಇಲ್ಲೊಂದು ಉಳಿಸಿದರೆ ಈ ಉಪಾಯ ಅರ್ಧಂಬರ್ಧ. ಬೇಸಿಗೆಯಲ್ಲಿ ಕಿತ್ತ ಎಳೆಗಾಯಿ ಹಣ್ಣಾಗದು, ಮಾರಾಟಕ್ಕೆ ಬಾರದು, ದನಕ್ಕೂ ಹಾಕಬೇಡಿ, ಬೆಣ್ಣೆಹಣ್ಣಿನ ಎಲೆ, ಬೀಜ, ಎಳೆಗಾಯಿ ಜಾನುವಾರಿಗೆ ಒಳ್ಳೆಯದಲ್ಲ. ಗೊಬ್ಬರಗುಂಡಿಗೆ ಸರಿ.

ಇನ್ನೊಂದು ದಾರಿ ಬೇಗ ಕೊಯ್ಯುವುದು. ಈ ಹಣ್ಣು ಮರದಲ್ಲಿ ಮೆತ್ತಗಾಗುವುದಿಲ್ಲ, ಬಲಿತ ಮೇಲೂ ವಾರಗಟ್ಟಲೆ ನೇತಾಡುತ್ತದೆ. ಅದನ್ನೇ ಉಗ್ರಾಣ ಎಂದುಕೊಂಡು ದರ ಏರಲಿ ಅಂತ ಬಿಟ್ಟರೆ, ಹೊಸ ಹೂಮೊಗ್ಗು ಕಟ್ಟುವ ಅಕ್ಟೋಬರ್‌ನಲ್ಲೂ ಮರ ಹಳೆ ಕಾಯಿಯನ್ನೇ ಸಾಕುತ್ತಿರುತ್ತದೆ. ಬಲಿತಿದ್ದನ್ನು ಗುರುತಿಸುವುದು ಕಷ್ಟವಲ್ಲ. ಕಾಯಿ ಸೀಳಿ ಬೀಜದ ಪೊರೆ ನೋಡಿ: ದಪ್ಪಗೆ ಬೆಳ್ಳಗಿದ್ದರೆ ಎಳೆಯದು, ಕಾಗದದಂತೆ ಒಣಗಿ ಕಂದಾಗಿದ್ದರೆ ಬಲಿತಿದೆ. ಹ್ಯಾಸ್‌ಗೆ ತೂಕದ ಲೆಕ್ಕ ಇನ್ನೂ ಖಚಿತ. ಐದಾರು ಕಾಯಿಯ ತಿರುಳು ತುರಿದು 100 ಗ್ರಾಂ ತೂಗಿ, ಅಡಿಕೆ ಡ್ರೈಯರಿನಲ್ಲಿ 60–65 ಡಿಗ್ರಿಯಲ್ಲಿ ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಿ. 23 ಗ್ರಾಂ ಉಳಿದರೆ ಧೈರ್ಯವಾಗಿ ಕೊಯ್ಯಬಹುದು. ಮಳೆಗಾಲದಲ್ಲೇ ಬಲಿಯುವ ನೀರುಗಾಯಿಯಂಥ ದೊಡ್ಡ ಜಾತಿಗಳಿಗೆ ಈ ಅಂಕಿ ಹೊಂದದು, ಅವುಗಳಲ್ಲಿ ಎಣ್ಣೆಯೇ ಕಡಿಮೆ. ಅವಕ್ಕೆ ನಾಲ್ಕು ಕಾಯಿ ಕೊಯ್ದು ಮನೆಯಲ್ಲಿಡಿ, ಸುಕ್ಕಾಗದೆ ವಾರದೊಳಗೆ ಒಂದೇ ಸಮ ಮೆತ್ತಗಾದರೆ ಸಾಕು. ಮೊದಲ ಕೊಯ್ಲಿನಲ್ಲಿ ದಪ್ಪ ಕಾಯಿಗಳನ್ನೆಲ್ಲ ಇಳಿಸಿ. ಎರಡನೆಯದಕ್ಕೆ ಸಣ್ಣವು ಬೆಳೆದಿರುತ್ತವೆ, ಮರಕ್ಕೂ ಉಸಿರಾಡಲು ಬಿಡುವು.

ಗೊಬ್ಬರ, ನೀರು

ಗೊಬ್ಬರ ಎರಡೂ ವರ್ಷ ಒಂದೇ ಅಳತೆಯಲ್ಲಿ ಕೊಡುವುದೇ ತಪ್ಪು. ಹತ್ತು ವರ್ಷ ದಾಟಿದ ಮರಕ್ಕೆ ತುಂಬಿದ ವರ್ಷ 30 ಕೆ.ಜಿ. ಕೊಟ್ಟಿಗೆ ಗೊಬ್ಬರದ ಜೊತೆ ಒಂದು ಕೆ.ಜಿ.ಯಷ್ಟು ಯೂರಿಯಾ, ಒಂದು ಕೆ.ಜಿ. ಸಲ್ಫೇಟ್ ಆಫ್ ಪೊಟ್ಯಾಷ್ ನಮ್ಮ ಅಂದಾಜು. ಮಣ್ಣು ಪರೀಕ್ಷೆ ಬೇರೆ ಹೇಳಿದರೆ ಅದನ್ನೇ ಕೇಳಿ. ಹೀಚು ನಿಂತ ಮೇಲೆ ಫೆಬ್ರುವರಿ-ಮಾರ್ಚ್‌ನಲ್ಲಿ ನೀರಿನ ಜೊತೆ ಐದರಲ್ಲಿ ಎರಡು ಪಾಲು, ಮೇ ಕೊನೆಗೆ ಒಂದು ಪಾಲು, ಹುಬ್ಬೆ ಮಳೆ ಕಳೆದ ಮೇಲೆ ಎರಡು ಪಾಲು. ಆರಿದ್ರೆಯಿಂದ ಆಶ್ಲೇಷದವರೆಗೆ ಹಾಕಿದ್ದು ಹೊಳೆಗೆ. ಖಾಲಿ ವರ್ಷ ಯೂರಿಯಾ ಅರ್ಧಕ್ಕಿಳಿಸಿ, ಏಕೆಂದರೆ ಆ ವರ್ಷ ಚಿಗುರು ಹೇಗೂ ಹೆಚ್ಚು, ಇನ್ನೂ ಹುರಿದುಂಬಿಸಿದರೆ ಮರುವರ್ಷದ ಹೂ ವಿಪರೀತವಾಗುತ್ತದೆ. ಮ್ಯೂರಿಯೇಟ್ ಆಫ್ ಪೊಟ್ಯಾಷ್ ಅಗ್ಗ, ಅಡಿಕೆಗೆ ತಂದದ್ದು ಮನೆಯಲ್ಲಿ ಇರುತ್ತದೆ, ಆದರೆ ಅದರಲ್ಲಿರುವ ಕ್ಲೋರೈಡ್ ಬೆಣ್ಣೆಹಣ್ಣಿಗೆ ಆಗದು. ಬೇಸಿಗೆಯಲ್ಲಿ ಡ್ರಿಪ್ ಕೆಳಗೆ ಕೂತು ಎಲೆಯಂಚು ಸುಡುತ್ತದೆ, ಸುಟ್ಟ ಎಲೆ ಹೂವಿನ ಹೊತ್ತಿಗೇ ಉದುರುತ್ತದೆ.

ಹೂವಿನಿಂದ ಮೊದಲ ಒಳ್ಳೆ ಮಳೆಯವರೆಗೆ ನೀರು ತಪ್ಪಬಾರದು. ಲೆಕ್ಕ ಸುಲಭ: ಮರದ ನೆರಳು ಆರು ಮೀಟರ್ ಅಗಲ ಇದ್ದರೆ ಸುಮಾರು 28 ಚದರ ಮೀಟರ್. ಏಪ್ರಿಲ್‌ನಲ್ಲಿ ದಿನಕ್ಕೆ 5 ಮಿ.ಮೀ. ಆವಿಯಾದರೆ, ಅದರ ಮುಕ್ಕಾಲಿಗಿಂತ ತುಸು ಕಡಿಮೆ ಮರಕ್ಕೆ ಬೇಕು, ಅಂದರೆ 100 ಲೀಟರ್ ಆಸುಪಾಸು. ಬೇರು ಮೇಲುಮೇಲೆ ಇರುವುದರಿಂದ ವಾರಕ್ಕೊಮ್ಮೆ 700 ಲೀಟರ್ ಹರಿಸುವುದಕ್ಕಿಂತ ದಿನ ಬಿಟ್ಟು ದಿನ 200 ಮೇಲು. ಒಂದೇ ಡ್ರಿಪ್ಪರ್ ಸಾಲದು, ಮೈಕ್ರೋ ಸ್ಪ್ರಿಂಕ್ಲರ್ ಒಳ್ಳೆಯದು.

ಚಿಗುರು ತಡೆದು ಹೂ ತರಿಸಲು ಮಾವಿಗೆ ಹಾಕುವ ಪ್ಯಾಕ್ಲೊಬುಟ್ರಜಾಲನ್ನು ಅದೇ ಲೆಕ್ಕದಲ್ಲಿ ಇದರ ಬುಡಕ್ಕೆ ಸುರಿಯುವ ಸಲಹೆ ಕೇಳಿಬರುತ್ತದೆ. ಅದು ಮಣ್ಣಿನಲ್ಲಿ ಬಹುಕಾಲ ಉಳಿಯುತ್ತದೆ, ಚಿಗುರು ಮೊಟಕಾಗುತ್ತದೆ. ಇಲ್ಲಿನ ಕೊರತೆಯೇ ಚಿಗುರಿನದು. ತೊಗಟೆಯ ಉಂಗುರ ತೆಗೆಯುವುದು ಒಣ ಹವೆಯ ದೇಶಗಳಲ್ಲಿ ನಡೆಯುತ್ತದೆ. ನಮ್ಮ ಥಂಡಿಯಲ್ಲಿ ಆ ಗಾಯ ಕೊಳೆಯುವ ಭಯವೇ ಹೆಚ್ಚು.

ಹೊಸದಾಗಿ ನೆಡುವವರು ತಳಿ ಆರಿಸುವಾಗಲೇ ಇದನ್ನು ಕೇಳಿಕೊಳ್ಳಿ. ಕೊಡಗಿನ ಚೆಟ್ಟಳ್ಳಿ ಪ್ರಯೋಗ ಕೇಂದ್ರದಿಂದ ಬಂದ ಅರ್ಕಾ ಸುಪ್ರೀಂ, ಅರ್ಕಾ ಕೂರ್ಗ್ ರವಿ ನಮ್ಮ ಮಳೆ-ಮಣ್ಣಿಗೆ ಹತ್ತಿರದವು. ಸಂತೆಯಲ್ಲಿ ಹ್ಯಾಸ್ ಎಂದು ಮಾರುವ ಬೀಜದ ಗಿಡ ಹ್ಯಾಸ್ ಆಗುವುದಿಲ್ಲ, ಬುಡದಲ್ಲಿ ಕಸಿಯ ಗಂಟು ನೋಡಿಯೇ ದುಡ್ಡು ಕೊಡಿ.

ಇಡೀ ತೋಟ ಒಂದೇ ಸರದಿಗೆ ಬಿದ್ದಿದ್ದರೆ ಮರಮರಕ್ಕೆ ಸರಿಮಾಡುವುದಕ್ಕಿಂತ ತೋಟವನ್ನು ಎರಡು ಪಾಲು ಮಾಡುವುದು ಲೇಸು. ತುಂಬಿದ ವರ್ಷ ಒಂದು ಪಾಲಿನ ಮರಗಳ ಕಾಯಿಯನ್ನು ಏಪ್ರಿಲ್ ಒಳಗೆ ಪೂರ್ತಿ ಇಳಿಸಿಬಿಡಿ. ಆ ಪಾಲು ಮರುವರ್ಷ ತುಂಬುತ್ತದೆ, ಇನ್ನೊಂದು ಪಾಲು ಖಾಲಿ. ಮರಗಳ ಗುಣ ಬದಲಾಗದಿದ್ದರೂ ಮನೆಗೆ ಪ್ರತಿವರ್ಷ ಹಣ್ಣು ಬರುತ್ತದೆ, ಊರೆಲ್ಲ ಖಾಲಿ ಇರುವ ವರ್ಷದ ದರವೂ ಸಿಗುತ್ತದೆ.

ಫಸಲನ್ನು ಚೇಣಿಗೆ, ಅಂದರೆ ಗುತ್ತಿಗೆಗೆ ಕೊಡುವವರಿಗೆ ಇನ್ನೊಂದು ಮುನ್ನೆಚ್ಚರಿಕೆ. ಚೇಣಿದಾರನಿಗೆ ಈ ವರ್ಷದ ಕಾಯಿ ಮಾತ್ರ ಲೆಕ್ಕ, ದರ ಬರುವವರೆಗೆ ಮರದಲ್ಲೇ ಬಿಡುತ್ತಾನೆ. ಹಾಗಾಗಿ ಮಾತುಕತೆ ಏಪ್ರಿಲ್‌ನಲ್ಲಿ ಕಾಯಿ ಕಿತ್ತಾದ ಮೇಲೆ ಆಗಲಿ. ಕೊನೆಯ ಕೊಯ್ಲಿನ ತಾರೀಕು ಚೀಟಿಯಲ್ಲಿ ಬರೆದಿರಲಿ, ಮಳೆಗಾಲದ ಜಾತಿಗಳಿಗೆ ಆಗಸ್ಟ್ ಕೊನೆ, ಹ್ಯಾಸ್‌ಗೆ ಬಲಿತ ಲೆಕ್ಕ ಸಿಕ್ಕಿ ಮೂರು ವಾರ. ತಾರೀಕು ದಾಟಿ ಮರದಲ್ಲುಳಿದ ಕಾಯಿ ತೋಟದವರದ್ದು ಎಂಬ ಸಾಲೂ ಸೇರಿರಲಿ.